ಗದ್ದದ ಕೆಳಗೊಂದು ಕೈ

ಪಕ್ಕದ ಮನೆಯ ಟೀಚರಮ್ಮ ತೀರಿಕೊಂಡ ಮೇಲೆ ಶಿವಗಣಾರಾಧನೆಯ ದಿನ ಊಟಕ್ಕೆ ಕೂತಿದ್ದೆ. ಎದುರು ಸಾಲಿನಲ್ಲಿ ಇಬ್ಬರು ನರ್ಸಮ್ಮಂದಿರು. ಹಿಂದೆ ಯಾವಾಗಲೋ ಟೀಚರಮ್ಮನ ಹತ್ತಿರ ಇಟಾಲಿಯನ್ ಕಲಿತು ಹೋದವರು.

"ಮೇಡಂ ಗದ್ದದ ಕೆಳಗೆ ಕೈ ಇಟ್ಟು ಹೇಳ್ಸೋರಲ್ಲ, ಅದು ಅಪ್ಪಟ ಇಟಲಿ ಪದ್ಧತಿ ಕಣೇ. ಅಲ್ಲಿ ದೊಡ್ಡ ದೊಡ್ಡ ಸ್ಕೂಲಲ್ಲಿ ಹಂಗೇ ಕಲ್ಸೋದಂತೆ," ಎಂದಳು ಒಬ್ಬಳು.

ನನಗೆ ನಗು ತಡೆಯಲಾಗಲಿಲ್ಲ. ಸಾವಿನ ಮನೆಯಲ್ಲಿ ಈ ಮುದುಕಿ ಯಾಕೆ ನಗುತ್ತಾಳೆ ಎಂದು ಟೀಚರಮ್ಮನ ತಂಗಿಯ ಮಗ ತಿರುಗಿ ನೋಡಿದ. ನೋಡಲಿ. ಆ ಕೈ ಇಟಲಿಯಿಂದ ಬಂದದ್ದಲ್ಲ. ಕಿವಿ ಹೋದದ್ದರಿಂದ ಬಂದದ್ದು. ಯಾವ ಮಾತಿನಲ್ಲಿ ತೂಕ ಎಲ್ಲಿ ಬೀಳಬೇಕು ಎಂದು ಕಲಿಸುವುದೇ ಅವರ ಕೆಲಸ, ಅವರಿಗೆ ಆ ತೂಕ ಕೇಳಿಸುತ್ತಿರಲಿಲ್ಲ. ಹೊರಗೆ ಗೊತ್ತಾದರೆ ಕ್ಲಾಸು ನಿಂತುಹೋಗುತ್ತದೆ ಎಂದು ಹೆದರಿಕೊಂಡೇ ಕೆಲವು ವರ್ಷ ಕಳೆದರು. ಸತ್ತವರ ಬಗ್ಗೆ ಒಳ್ಳೆಯದೇ ಹೇಳಬೇಕಂತೆ. ಒಳ್ಳೆಯದು ಬೇಕಾದಷ್ಟಿದೆ, ಆದರೆ ಇಲ್ಲದ್ದನ್ನು ಸೇರಿಸಿ ಹೇಳುವುದು ಯಾಕೆ?

ನಮ್ಮದು ಚಾಮರಾಜಪುರಂನ ಹಳೆಯ ಮನೆ, ಪಾಲಾಗಿ ಎರಡಾದದ್ದು. ಮುಂದಿನ ಪಡಸಾಲೆಯ ನಡುವೆ ಸೊಂಟದೆತ್ತರಕ್ಕೆ ಒಂದು ಗೋಡೆ ಎಬ್ಬಿಸಿದ್ದಾರೆ. ಈ ಕಡೆ ನಾನು, ಆ ಕಡೆ ನನ್ನ ಮೈದುನನ ಪಾಲು. ಮೈದುನ ಅದನ್ನು ಬಾಡಿಗೆಗೆ ಕೊಟ್ಟ, ಟೀಚರಮ್ಮ ಬಂದರು. ಬಂದ ವಾರವೇ "ಇಟಾಲಿಯನ್ ಕಲಿಸಲಾಗುವುದು" ಎಂದು ಬೋರ್ಡು ಹಾಕಿಸಿದರು. ಬೀದಿಯವರಿಗೆ ಅದು ಅಡುಗೆ ಅಂತಲೇ ಲೆಕ್ಕ. ಸ್ಕೂಟರು ನಿಲ್ಲಿಸಿ "ಪಿಜ್ಜಾ ಪಾರ್ಸೆಲ್ ಸಿಗತ್ತಾ?" ಎಂದು ಕೇಳಿದವರಿಗೆ ನಾನೇ ಎಷ್ಟೋ ಸಲ "ಸಂಜೆಗೆ ಬನ್ನಿ" ಎಂದು ಕಳಿಸಿದ್ದೇನೆ. ಅವರ ಜೊತೆ ಮಾತಾಡಿ ಸಮಯ ಹಾಳು ಮಾಡುವವರು ಯಾರು?

ಟೀಚರಮ್ಮ ಹುಟ್ಟಿದ್ದು ನಂಜನಗೂಡಿನ ಕಡೆ. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಲಿಂಗ, ಬೆಳಗಿನ ಪೂಜೆ ಆಗದೆ ಒಂದು ಗುಟುಕು ನೀರು ಕುಡಿದವರಲ್ಲ. ಚಿಕ್ಕ ವಯಸ್ಸಿಗೇ ಗಂಡ ಹೋದ. ಯಾದವಗಿರಿಯ ಒಂದು ಬಂಗಲೆಯಲ್ಲಿ ಅಡುಗೆಗೆ ಸೇರಿದರು. ಅಲ್ಲಿ ಯೋಗ ಕಲಿಯಲು ಬಂದ ಇಟಲಿಯ ಹೆಂಗಸೊಬ್ಬಳು ಬಾಡಿಗೆಗಿದ್ದಳು, ವಯಸ್ಸಾದವಳು. ಅವಳಿಗೆ ಯೋಗ ಎಷ್ಟು ಬಂತೋ ಕಾಣೆ, ಇವರ ಕೈಯಡುಗೆ ಹಿಡಿಸಿತು. ವಾಪಸು ಹೋಗುವಾಗ ನೀನೂ ಬಾ ಎಂದಳು. ಇವರು ಹೊರಟೇಬಿಟ್ಟರು. ಆ ಹೆಂಗಸು ಸಾಯುವವರೆಗೂ, ಇಪ್ಪತ್ತು ವರ್ಷದ ಮೇಲೆಯೇ ಅನ್ನಿ, ಅಲ್ಲೇ ಇದ್ದರು. ಭಾಷೆ ಕಲಿತದ್ದು ಅವಳ ಅಡುಗೆಮನೆಯ ಮೇಜಿನ ಮುಂದೆ.

"ಅಲ್ರೀ, ಒಬ್ಬರೇ ಹೊರಟುಬುಟ್ರಲ್ಲ, ಭಯ ಆಗ್ಲಿಲ್ವಾ?" ಎಂದು ಒಂದು ಸಲ ಕೇಳಿದೆ.

"ಆಯ್ತಕ್ಕ. ಒಂದು ವರ್ಷ ಬಾಯಿ ಮುಚ್ಕೊಂಡಿದ್ದೆ. ಆಮೇಲೆ ಬಾಯಿ ಬಂತು, ಭಯ ಹೋಯ್ತು."

ಅಷ್ಟು ವರ್ಷ ಅಲ್ಲಿದ್ದದ್ದಕ್ಕೆ ಗುರುತು ಕೆಲವೇ. ಕಾಫಿ ಕೊಟ್ಟರೆ ಒಳಲೆಯಲ್ಲಿ ಕೂಸಿಗೆ ಔಷಧಿ ಹಾಕುವಷ್ಟು ಕೊಡುವರು, ಅದೂ ಕಹಿ. ನಾನು ಒಂದೇ ಸಲ ಕುಡಿದದ್ದು. ಮಾತಾಡುವಾಗ ಐದೂ ಬೆರಳನ್ನು ಒಟ್ಟು ಹಿಡಿದು ಮುಖದ ಮುಂದೆ ಅಲ್ಲಾಡಿಸುವರು, ಅದು ಆ ಕಡೆಯ ಅಭ್ಯಾಸವಂತೆ, ಏನಿದು ಎಂದು ಕೇಳುವ ರೀತಿ. ನಂಜುಮಳಿಗೆಯ ತರಕಾರಿಯವನು ಹುರುಳಿಕಾಯಿಗೆ ವಿಪರೀತ ಬೆಲೆ ಹೇಳಿದಾಗ ಅವನ ಮುಂದೆಯೂ ಹಾಗೇ ಮಾಡಿದರು. ಅವನು "ಆಯ್ತು ಕಣಮ್ಮ, ಈಗ್ತಾನೆ ಊಟ ಆಯ್ತು," ಎಂದ.

ಪಾಠ ನಡೆಯುತ್ತಿದ್ದದ್ದು ಆ ಅರ್ಧ ಪಡಸಾಲೆಯಲ್ಲಿ. ನಾನು ಈ ಕಡೆ ರಾಗಿ ಕೇರುತ್ತಲೋ ಅವರೆಕಾಯಿ ಬಿಡಿಸುತ್ತಲೋ ಕೂತಿರುತ್ತಿದ್ದೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೂ ಅವರು ಹೇಳುತ್ತಿದ್ದದ್ದು ನನಗೂ ತಿಳಿಯುತ್ತಿತ್ತು, ಯಾಕೆಂದರೆ ತಿಳಿಯುವ ಹಾಗೆ ಹೇಳುತ್ತಿದ್ದರು. ಬರುತ್ತಿದ್ದವರೆಲ್ಲ ನರ್ಸುಗಳು. ಇಟಲಿಯ ಆಸ್ಪತ್ರೆಗಳಿಗೆ ನರ್ಸು ಬೇಕಂತೆ, ಆ ಭಾಷೆಯಲ್ಲಿ ಮಾತಿನ ಪರೀಕ್ಷೆ ಪಾಸಾದರೆ ಕರೆಸಿಕೊಳ್ಳುತ್ತಾರಂತೆ.

ಮೊದಲು ಮಾತನ್ನು ತುಂಡು ಮಾಡುವುದನ್ನು ಕಲಿಸುವರು. "ಕಬ್ಬನ್ನ ಎಲ್ಲಿ ಬೇಕಾದ್ರೆ ಅಲ್ಲಿ ಮುರಿಯಕ್ಕಾಗತ್ತಾ? ಗಿಣ್ಣು ನೋಡಿ ಮುರೀಬೇಕು. ಮಾತಿಗೂ ಗಿಣ್ಣಿರತ್ತೆ." ಅಲ್ಲಿ ನಮ್ಮ ಹುಡುಗಿಯರು ಮಾಡುವ ತಪ್ಪು ಎಲ್ಲರದ್ದೂ ಒಂದೇ. ನಮಗೆ ಒತ್ತಕ್ಷರವನ್ನು ಒಂದೇ ಅಕ್ಷರವಾಗಿ ಬರೆದು ರೂಢಿ. ಅಜ್ಜಿಗೆ ಆ ಭಾಷೆಯಲ್ಲಿ ನೊನ್ನ ಎನ್ನುತ್ತಾರೆ. ಬಿಡಿಸಿ ಎಂದರೆ ಎಲ್ಲರೂ ಒಂದು ಕಡೆ ನೊ, ಇನ್ನೊಂದು ಕಡೆ ನ್ನ ಎಂದು ಬರೆಯುವರು.

"ಸ್ಲೇಟಿನ ಮೇಲೆ ಬರಿಯೋ ಕನ್ನಡ ಮರೀರಿ, ಬಾಯಲ್ಲಿ ಆಡೋ ಕನ್ನಡ ನೆನೆಸ್ಕೊಳಿ. ಅಜ್ಜಿ ಅನ್ನುವಾಗ ನಾಲಿಗೆ ಎಲ್ಲಿ ನಿಲ್ಲತ್ತೆ? ಅಜ್. ಜಿ. ಹಂಗೇ ನೊನ್. ನ." ಹಾಗೆ ಹೇಳುತ್ತ ಗೋಡೆಯಾಚೆ ನನ್ನ ಕಡೆ ಬೆರಳು ತೋರಿಸುವರು. ಹುಡುಗಿಯರೆಲ್ಲ ಒಟ್ಟಿಗೆ ನನ್ನನ್ನು ನೋಡಿ "ನೊನ್. ನ." ಎನ್ನುವರು. ನಾನು ಮೊರವನ್ನು ಮುಖಕ್ಕೆ ಅಡ್ಡ ಹಿಡಿಯುತ್ತಿದ್ದೆ.

ತುಂಡು ಮಾಡಿದ ಮೇಲೆ ತೂಕ. ಒಂದು ಮಾತಿನಲ್ಲಿ ಒಂದು ತುಂಡಿನ ಮೇಲೆ ಮಾತ್ರ ಗಂಟಲು ಊರಬೇಕು, ಉಳಿದದ್ದು ಹಗುರ. "ನಾವು ಕನ್ನಡದೋರು ಪಂಕ್ತೀಲಿ ಬಡ್ಸೋ ಹಂಗೆ, ಎಲ್ಲಾ ಎಲೆಗೂ ಸಮಸಮ. ಅಲ್ಲಿ ಹಂಗಲ್ಲ. ಪಂಕ್ತೀಲಿ ಒಬ್ಬರ ಎಲೆಗೆ ಮಾತ್ರ ತುಪ್ಪ. ಯಾರ ಎಲೆಗೆ ಅಂತ ತಿಳ್ಕೊಂಡೋಳು ಪಾಸು." ಕೊನೆಯಿಂದ ಎರಡನೆಯ ತುಂಡಿಗೆ ತೂಕ ಬಿದ್ದರೆ ಅದು ಬಯಲು ಮಾತು, ಮುಕ್ಕಾಲು ಪಾಲು ಮಾತುಗಳು ಹಾಗೇ. ಕೊನೆಯ ತುಂಡಿಗೇ ಬಿದ್ದರೆ ಕಡಿದ ಮಾತು. ಇನ್ನೂ ಹಿಂದಕ್ಕೆ, ಮೂರನೆಯದಕ್ಕೆ ಹೋದರೆ ಜಾರು ಮಾತು. ಇಟಲಿಯವರೂ ಇದನ್ನು ಹೀಗೇ ಕರೆಯುತ್ತಾರೆ, ಇದು ನನ್ನ ಸೃಷ್ಟಿಯಲ್ಲ ಎನ್ನುವರು. ಕಡಿದ ಮಾತಿಗೆ ಮಾತ್ರ ಮೇಲೊಂದು ಗೀಟೆಳೆದು ಬರೆಯುತ್ತಾರೆ. ಉಳಿದವಕ್ಕೆ ಸಾಮಾನ್ಯವಾಗಿ ಯಾವ ಗುರುತೂ ಇಲ್ಲ.

"ಗುರುತೇ ಇಲ್ದಿದ್ರೆ ಗೊತ್ತಾಗೋದು ಹೆಂಗೆ ಮೇಡಂ?" ಎಂದು ಪ್ರತಿ ವರ್ಷವೂ ಯಾರಾದರೊಬ್ಬಳು ಕೇಳುವಳು.

"ಅತ್ತೆ ಮನೇಲಿ ಯಾರಿಗೆ ಸಿಟ್ಟು ಜಾಸ್ತಿ ಅಂತ ಬಾಗ್ಲ ಮೇಲೆ ಬರ್ದಿರ್ತಾರಾ? ಇದ್ದು ತಿಳ್ಕೊಬೇಕು."

ರೋಗದ ಮಾತುಗಳಲ್ಲಿ ಜಾರುವವೇ ಹೆಚ್ಚು ಎಂದು ನರ್ಸುಗಳಿಗೆ ಎಚ್ಚರಿಸುವರು. ಡಾಕ್ಟರಿಗೆ ಮೇದಿಕೊ, ಹೊಟ್ಟೆಗೆ ಸ್ತೋಮಕೊ, ಲಿವರಿಗೆ ಫೇಗತೊ, ಔಷಧಿಗೆ ಫಾರ್ಮಕೊ, ಎಲ್ಲಕ್ಕೂ ತೂಕ ಮೊದಲಲ್ಲೇ, ಆಮೇಲೆ ಸರ್ರನೆ ಜಾರುವುದು. "ಆರೋಗ್ಯಕ್ಕೆ ಸಲೂತೆ ಅಂತಾರೆ, ಅದು ಬಯಲು. ನಡಿಯೋಕೆ ಸುಲಭ, ಹಂಗಾಗೇ ಯಾರೂ ನೋಡ್ಕೊಂಡು ನಡಿಯಲ್ಲ."

"ನಾನು ಯಾವ ಥರದ್ರೀ?" ಎಂದು ನಾನೂ ಕೇಳಿದ್ದುಂಟು.

"ನೀವಾ ಅಕ್ಕ? ಕಡಿದ ಮಾತು. ಕೊನೇಲಿ ಗುದ್ದೇ ಗುದ್ದುತೀರಿ."

ಅವರಿಗೆ ಕಿವಿ ಕೇಳಿಸದ ಸಂಗತಿ ನನಗೆ ತಿಳಿದದ್ದು ಒಂದು ಬೇಸಿಗೆಯಲ್ಲಿ. ಅವರ ಕಡೆಯ ತೊಟ್ಟಿ ತುಂಬಿ ನೀರು ಪಡಸಾಲೆಯ ಪಕ್ಕಕ್ಕೇ ಧೋ ಎಂದು ಸುರಿಯುತ್ತಿತ್ತು. ಅವರು ಅದಕ್ಕೆ ಬೆನ್ನು ಹಾಕಿ ಕೂತು ಪುಸ್ತಕ ಓದುತ್ತಿದ್ದರು. "ನೀರು ಕಣ್ರೀ, ನೀರು!" ಎಂದು ಕೈ ಬೀಸಿ ಕೂಗಿದೆ. ತಲೆ ಎತ್ತಿ ನಕ್ಕು "ಹೌದಕ್ಕ, ಬಿಸಿಲು ಜಾಸ್ತಿ," ಎಂದರು. ನನಗೆ ಅನುಮಾನ ಬಂತು. ಗೋಡೆ ಬಳಸಿ ಹೋಗಿ, ಅವರ ಬೆನ್ನ ಹಿಂದೆ ನಿಂತು ಸ್ಟೀಲ್ ತಟ್ಟೆಯನ್ನು ಸೌಟಿನಿಂದ ಬಾರಿಸಿದೆ. ಬೀದಿಯ ನಾಯಿ ಎದ್ದು ಬೊಗಳಿತು. ಇವರು ಹಾಳೆ ತಿರುವಿದರು.

ಎದುರಿಗೆ ಹೋಗಿ ನಿಂತೆ. "ಯಾವಾಗಿಂದ?"

ನನ್ನ ಕೈಯಲ್ಲಿದ್ದ ತಟ್ಟೆ ಸೌಟು ನೋಡಿದರು. ಸುಳ್ಳು ಹೇಳಿ ಉಪಯೋಗವಿಲ್ಲ ಎಂದು ಗೊತ್ತಾಯಿತು. "ಸ್ವಲ್ಪ ಸ್ವಲ್ಪವಾಗಿ ಹೋಯ್ತು ಅಕ್ಕ. ಈಗ ಪೂರ್ತಿ ಹೋದಂಗೆ. ಮಿಷನ್ನು ಹಾಕಿಸ್ಕೊಂಡು ನೋಡ್ದೆ, ಸದ್ದೆಲ್ಲ ಜೋರಾಯ್ತು, ಮಾತು ಬಿಡಿಸಿ ಕೇಳಲಿಲ್ಲ. ಪಾತ್ರೆ ಅಂಗಡೀಲಿ ಕೂತಂಗಿತ್ತು. ತೆಗೆದು ಬೀರೂಲಿಟ್ಟೆ."

"ಮತ್ತೆ ಪಾಠ ಹೆಂಗೆ ಮಾಡ್ತೀರಿ?"

"ತುಟಿ ನೋಡಿದ್ರೆ ಮಾತು ಗೊತ್ತಾಗತ್ತೆ. ತೂಕ ಗೊತ್ತಾಗಲ್ಲ. ತೂಕಕ್ಕೆ ಕೈ ಬೇಕು."

ಆಗ ನನಗೆ ಹೊಳೆಯಿತು. ಹುಡುಗಿಯರ ಗದ್ದದ ಕೆಳಗೆ ಅಂಗೈ ಇಟ್ಟು ಹೇಳಿಸುವುದು ಇತ್ತೀಚೆಗೆ ಶುರುವಾದದ್ದು. ಒಂದೊಂದು ತುಂಡಿಗೂ ದವಡೆ ಒಂದೊಂದು ಸಲ ಕೆಳಗಿಳಿಯುತ್ತದೆ, ತೂಕದ ಜಾಗದಲ್ಲಿ ಸ್ವಲ್ಪ ಹೆಚ್ಚು ಇಳಿದು, ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತದೆ. ಅಷ್ಟರಲ್ಲೇ ಸರಿ, ತಪ್ಪು ಎನ್ನುತ್ತಿದ್ದರು. ಇದೇನು ಮೇಡಂ ಎಂದು ಹುಡುಗಿಯರು ಕೇಳಿದರೆ, ಅಲ್ಲಿ ಹೀಗೇ ಕಲಿಸುವುದು ಎಂದು ಬಿಟ್ಟಿದ್ದರು.

"ಹೇಳಿಬುಡಿ ಅವ್ರಿಗೆ. ಇದರಲ್ಲಿ ಮುಚ್ಚಿಡೋದೇನಿದೆ?" ಎಂದೆ.

"ಕಿವಿ ಕೇಳದ ಟೀಚರ್ ಹತ್ರ ಉಚ್ಚಾರ ಕಲಿಯೋಕೆ ಯಾರು ಬರ್ತಾರಕ್ಕ?" ಎಂದರು. ಆಮೇಲೆ "ಈ ಹುಡುಗೀರು ಹೋದ್ರೆ ಮೈಸೂರಲ್ಲಿ ಈ ಭಾಷೇನ ನಾನು ಯಾರ ಜೊತೆ ಆಡ್ಲಿ? ನಾನು ಮನುಷ್ಯಳಾಗಿದ್ದು ಆ ಭಾಷೇಲಿ. ಅದಕ್ಕೆ ಮುಂಚೆ ಬರೀ ಅಡುಗೆಯೋಳು. ನೀವು ಯಾರಿಗೂ ಹೇಳ್ಬೇಡಿ," ಎಂದರು.

ಹೇಳುವುದಿಲ್ಲ ಎಂದೆ. ಹೇಳಲೂ ಇಲ್ಲ. ಅವರ ಕಿವಿ, ಅವರ ಕ್ಲಾಸು.

ಹಾಗೇ ನಡೆಯಿತು. ಕೈ ಚುರುಕಿತ್ತು, ಹುಡುಗಿಯರು ಪಾಸಾಗಿ ಹೋದರು. ಆರಾಧನೆಯ ದಿನ ನನ್ನೆದುರು ಕೂತಿದ್ದ ಆ ಇಬ್ಬರೂ ಆಗಿನವರೇ. ತೊಂದರೆ ಆದದ್ದು ರೇಖಾ ಬಂದ ಮೇಲೆ.

ರೇಖಾ ಹೂಟಗಳ್ಳಿಯವಳು. ಗಂಡ ಅಲ್ಲೇ ಒಂದು ಕಾರ್ಖಾನೆಯಲ್ಲಿ, ಇವಳು ಒಂದು ನರ್ಸಿಂಗ್ ಹೋಮಿನಲ್ಲಿ. ಡ್ಯೂಟಿ ಮುಗಿಸಿ ಬಸ್ಸಿನಲ್ಲಿ ನಿಂತುಕೊಂಡು ಬಂದು, ಪಡಸಾಲೆಯಲ್ಲಿ ಕೂತ ಕೂಡಲೇ ಪುಸ್ತಕ ತೆಗೆಯುವಳು. ಮಾತು ಒರಟು, ಕೆಲಸ ಅಚ್ಚುಕಟ್ಟು. ನನಗೆ ಹಿಡಿಸಿದಳು. ಅವಳಲ್ಲಿ ಒಂದು ವಿಚಿತ್ರ ಇತ್ತು. ದಿನವಿಡೀ ಮಾಸ್ಕು ಹಾಕಿಕೊಂಡು ವಯಸ್ಸಾದ ರೋಗಿಗಳ ಜೊತೆ ಮಾತಾಡಿ, ಬಟ್ಟೆಯಾಚೆಗೂ ಕೇಳಿಸಲಿ ಎಂದು ಪ್ರತಿ ಅಕ್ಷರಕ್ಕೂ ಬಾಯಿ ಅಗಲಿಸುವ ಚಟ ಹತ್ತಿಬಿಟ್ಟಿತ್ತು. "ಅಜ್ಜೀ, ಕಾಫೀ ಆಯ್ತಾ?" ಎನ್ನುವುದಕ್ಕೂ ಹಲ್ಲಿನ ಡಾಕ್ಟರ ಮುಂದೆ ಕೂತವಳ ಹಾಗೆ ಬಾಯಿ ತೆರೆಯುವಳು.

ಟೀಚರಮ್ಮ ಅವಳ ಗದ್ದದ ಕೆಳಗೆ ಕೈ ಇಟ್ಟರೆ ಎಲ್ಲ ತುಂಡಿಗೂ ದವಡೆ ಒಂದೇ ಸಮ ಬೀಳುತ್ತಿತ್ತು. ತೂಕ ಎಲ್ಲಿದೆ ಎಂದು ಕೈಗೆ ಸಿಗುತ್ತಿರಲಿಲ್ಲ. ಅವರು ಒಂದು ಗಳಿಗೆ ಹಿಂದೆಮುಂದೆ ನೋಡಿ "ಸರಿ" ಎನ್ನುವರು. ಅವಳು ಸ್ತೋಮಕೊ ಎನ್ನುವ ಕಡೆ ಸ್ತೊಮಾಕೊ ಎನ್ನುವುದು ಈ ಕಡೆ ಕೂತ ನನಗೇ ಕೇಳಿಸುತ್ತಿತ್ತು, ಉಳಿದ ಹುಡುಗಿಯರಿಗೂ ಕೇಳಿಸಿರಬೇಕು. ಆದರೆ ಮೇಡಂ ಸರಿ ಎಂದ ಮೇಲೆ ತಪ್ಪು ಎನ್ನುವ ಧೈರ್ಯ ಯಾರಿಗೆ? ಒಂದು ಸಂಜೆ ನಾನು "ಅವಳದ್ದು ಎಡವಟ್ಟಾಗ್ತಿದೆ ಕಣ್ರೀ," ಎಂದು ಹೇಳಿದೆ. "ಇನ್ನೊಂದು ಸ್ವಲ್ಪ ದಿನ ಅಕ್ಕ, ಕೈಗೆ ಸಿಗತ್ತೆ," ಎಂದರು. ಕೈಗೆ ಸಿಗಲಿಲ್ಲ. ಪರೀಕ್ಷೆ ಬಂದುಬಿಟ್ಟಿತು.

ಬೆಂಗಳೂರಿಗೆ ಹೋಗಿ ಪರೀಕ್ಷೆ ಕೊಟ್ಟು ಬಂದವಳು ಚಪ್ಪಲಿ ಕೂಡ ಬಿಡದೆ ಪಡಸಾಲೆಗೆ ನುಗ್ಗಿದಳು. ಟೀಚರಮ್ಮ ಕೂತಿದ್ದರು.

"ಫೇಲು ಮೇಡಂ. ಬರೆಯೋದೆಲ್ಲ ಪಾಸು, ಮಾತಲ್ಲಿ ಫೇಲು. ಪರೀಕ್ಷೆ ಮಾಡೋ ಯಮ್ಮ ನಾನು ಏನ್ ಅಂದ್ರೂ ಏನು, ಏನು ಅಂತ ಕೇಳ್ತಾಳೆ. ತೂಕ ಎಲ್ಲಾ ತಪ್ಪು ಜಾಗದಲ್ಲಿದೆ, ನಿಂಗೆ ಯಾರೂ ತಿದ್ದೇ ಇಲ್ವಾ ಅಂದ್ಲು. ನೀವು ಸರಿ, ಸರಿ ಅಂತಿದ್ರಲ್ಲ ಮೇಡಂ? ಯಾಕೆ ತಿದ್ದಲಿಲ್ಲ?"

ಟೀಚರಮ್ಮ ಅವಳ ತುಟಿ ನೋಡುತ್ತಿದ್ದರು, ಎಲ್ಲಾ ತಿಳಿಯಿತು. ಆಗ ನಿಜ ಹೇಳಬಹುದಿತ್ತು. ಹೇಳಲಿಲ್ಲ. "ನೀನು ಮನೇಲಿ ಅಭ್ಯಾಸ ಮಾಡಲಿಲ್ಲ. ಇಲ್ಲಿ ಸರಿ ಹೇಳಿ ಅಲ್ಲಿ ಹೋಗಿ ಹೆದರಿಕೊಂಡ್ರೆ ನಾನೇನು ಮಾಡ್ಲಿ?" ಎಂದರು.

ಆ ಹುಡುಗಿ ಅಳಲಿಲ್ಲ, ಜಗಳವಾಡಲಿಲ್ಲ. "ಹಂಗಾದ್ರೆ ನಂದೇ ತಪ್ಪು," ಎಂದು ಹೊರಟುಹೋದಳು. ಜಗಳವಾಡಿದ್ದರೆ ವಾಸಿಯಿತ್ತು.

ನಾನು ಮೊರ ಕೆಳಗಿಟ್ಟು ಆ ಕಡೆಗೆ ಹೋದೆ. ಅವರಿಗೆ ಕಾಣಲಿ ಎಂದು ಬೆಳಕಿಗೆ ಮುಖ ಮಾಡಿ ನಿಂತೆ. "ನಿಮ್ಮ ಗುಟ್ಟು ಯಾರಿಗೂ ಹೇಳಲ್ಲ ಅಂದಿದ್ದೆ, ಹೇಳೂ ಇಲ್ಲ. ಆದ್ರೆ ನಿಮ್ಮ ಕಿವೀನ ಆ ಹುಡುಗಿ ತಲೆ ಮೇಲೆ ಹೊರಿಸಿದ್ರಲ್ಲ, ಅದು ಎಂಥ ಕೆಲಸ? ಕ್ಲಾಸು ಉಳೀಬೇಕು ಅಂತ ಕ್ಲಾಸಿಗೆ ಬಂದೋಳ್ನೇ ಹಾಳು ಮಾಡ್ತೀರಾ?"

"ನೀವು ಮನೆಗೆ ಹೋಗಿ ಅಕ್ಕ," ಎಂದರು.

ಹೋದೆ. ಆಮೇಲೆ ನಾವಿಬ್ಬರೂ ಮಾತು ಬಿಟ್ಟೆವು. ಪಡಸಾಲೆಯಲ್ಲಿ ಎದುರುಬದುರು ಕೂತರೂ ಅವರು ಪುಸ್ತಕ ನೋಡುವರು, ನಾನು ಬೀದಿ ನೋಡುವೆ. ಕ್ಲಾಸು ನಡೆಯುತ್ತಿತ್ತು. ರೇಖಾ ಬರುತ್ತಿರಲಿಲ್ಲ. ಅವರ ಕೈ ಹುಡುಗಿಯರ ಗದ್ದದ ಕೆಳಗೆ ಹೋಗಿ, ಮುಟ್ಟುವ ಮೊದಲೇ ವಾಪಸು ಬರುವುದನ್ನು ನಾನು ನೋಡಿದ್ದೇನೆ.

ಒಂದು ಭಾನುವಾರ ಗೋಡೆಯ ಮೇಲೆ ಬಗ್ಗಿ, "ಅಕ್ಕ, ಬನ್ನಿ ಈ ಕಡೆ. ಎಲ್ಲರ್ನೂ ಕರ್ಸಿದ್ದೀನಿ. ರೇಖಾನೂ ಬಂದಿದ್ದಾಳೆ. ನೀವು ನನ್ನ ಪಕ್ಕ ಕೂತ್ಕೋಬೇಕು," ಎಂದರು. ಯಾಕೆ ಎಂದು ಕೇಳಲಿಲ್ಲ, ಹೋಗಿ ಕೂತೆ.

ಎದ್ದು ನಿಂತು ಹೇಳಿದರು. ಬೋರ್ಡಿಗೆ ಬೆನ್ನು, ಕೈಯಲ್ಲಿ ಸೀಮೆಸುಣ್ಣ. "ನನಗೆ ಕಿವಿ ಕೇಳಲ್ಲ. ವರ್ಷಗಳಾಯ್ತು. ಗದ್ದ ಮುಟ್ಟಿ ಸರಿ ತಪ್ಪು ಹೇಳ್ತಿದ್ದೆ, ಇಟಲಿ ಪದ್ಧತಿ ಅಂದಿದ್ದು ಸುಳ್ಳು. ರೇಖಾದು ನನ್ನ ಕೈಗೆ ಸಿಗಲಿಲ್ಲ. ಸಿಗಲಿಲ್ಲ ಅನ್ನೋ ಬದಲು ಸರಿ ಅಂದೆ. ಫೇಲಾಗಿ ಬಂದಾಗ ನಿಂದೇ ತಪ್ಪು ಅಂದೆ. ಅದು ಅದಕ್ಕಿಂತ ದೊಡ್ಡ ಸುಳ್ಳು. ಇಷ್ಟು ಕೇಳಿದ ಮೇಲೂ ನಿಮಗೆ ನಾನು ಬೇಕಾ, ಹೇಳಿ."

ಎಲ್ಲರೂ ಒಟ್ಟಿಗೆ ಬಾಯಿ ಬಿಟ್ಟರು. ಒಬ್ಬಳು ಎದ್ದು ನಿಂತಳು, ಇನ್ನೊಬ್ಬಳು ಪಕ್ಕದವಳ ಕಡೆ ತಿರುಗಿದಳು. ಟೀಚರಮ್ಮ ಒಬ್ಬಳ ತುಟಿಯಿಂದ ಇನ್ನೊಬ್ಬಳ ತುಟಿಗೆ ನೋಡುತ್ತಿದ್ದಾರೆ, ಯಾವುದೂ ಹಿಡಿಯಲು ಆಗುತ್ತಿಲ್ಲ. ತೀರ್ಪು ಕೇಳಿದವರು ಅವರು, ಬಂದ ತೀರ್ಪು ಕೇಳಿಸದವರೂ ಅವರೇ. ನನ್ನ ಕಡೆ ತಿರುಗಿದರು. "ಏನಂತಿದಾರೆ ಅಕ್ಕ?"

ಅದಕ್ಕೇ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡದ್ದು. ಬೀದಿಯಲ್ಲಿ ಸಿಹಿ ಮಾತಾಡುವ ಹೆಂಗಸರಿಗೆ ಬರವಿರಲಿಲ್ಲ. ಅವರಿಗೆ ಸಿಹಿ ಬೇಕಿರಲಿಲ್ಲ.

"ಆ ಮೂಲೆಯೋಳು ಇಷ್ಟು ದಿನ ಮೋಸ ಮಾಡಿದ್ರಿ ಅಂತಿದ್ದಾಳೆ. ಅವಳ ಪಕ್ಕದೋಳು ಬೇರೆ ಕಡೆ ಕ್ಲಾಸು ನೋಡ್ಕೊಳೋಣ ಅಂತಿದ್ದಾಳೆ. ಕನ್ನಡಕದೋಳು ಅಳ್ತಿದ್ದಾಳೆ, ಯಾಕೆ ಅಂತ ಅವಳಿಗೇ ಗೊತ್ತಿಲ್ಲ."

"ರೇಖಾ?"

"ಏನೂ ಅಂದಿಲ್ಲ."

ರೇಖಾ ಎದ್ದು ಬಂದಳು. ಟೀಚರಮ್ಮನನ್ನು ಕುರ್ಚಿಯ ಮೇಲೆ ಕೂರಿಸಿ, ಎದುರಿಗೆ ನೆಲದ ಮೇಲೆ ಕೂತು, ಮುಖ ಎತ್ತಿ ನಿಧಾನವಾಗಿ ಮಾತಾಡಿದಳು. ವಾರ್ಡಿನಲ್ಲಿ ಹಾಗೇ ಮಾತಾಡುತ್ತಾಳೆ ಅಂತ ಕಾಣುತ್ತದೆ.

"ನಮ್ಮ ವಾರ್ಡಲ್ಲಿ ಕಿವಿ ಕೇಳ್ದೆ ಇರೋರ್ನ ಓಡ್ಸಲ್ಲ ಮೇಡಂ. ಸುಳ್ಳು ಹೇಳಿ ಮಾತ್ರೆ ಬಚ್ಚಿಡೋರ್ಗೆ ಬೈತೀವಿ. ನಿಮ್ಗೂ ಬೈದಿದ್ದಾಯ್ತು ಅಂದ್ಕೊಳಿ. ನಾನು ಮನೇಲಿ ಕೂತು ಅತ್ತಿದ್ದು ವಾಪಸ್ ಬರಲ್ಲ. ಈಗ ನನ್ನ ಪಾಸ್ ಮಾಡ್ಸಿ."

ಇದನ್ನು ನಾನು ತಿಳಿಸಿಕೊಡಬೇಕಾಗಿರಲಿಲ್ಲ. ಅವರಿಗೇ ಪೂರ್ತಿ ತಿಳಿಯಿತು.

ಮೂಲೆಯವಳೂ ಅವಳ ಪಕ್ಕದವಳೂ ಅವತ್ತೇ ಬಿಟ್ಟುಹೋದರು. ಅವರನ್ನು ತಪ್ಪು ಅನ್ನುವುದಿಲ್ಲ. ಉಳಿದವರು ಉಳಿದರು. ಆಮೇಲೆ ಕ್ಲಾಸಿನ ರೀತಿಯೇ ಬೇರೆಯಾಯಿತು. ಅದನ್ನು ಕಂಡುಹಿಡಿದವಳು ರೇಖಾ, ನಾಡಿ ನೋಡಿ ರೂಢಿಯಿದ್ದವಳು. ಒಬ್ಬಳು ಮಾತು ಹೇಳುವುದು. ಇನ್ನೊಬ್ಬಳು ಟೀಚರಮ್ಮನ ಮಣಿಕಟ್ಟು ಹಿಡಿದು ಕೂತಿರುವುದು. ಒಂದೊಂದು ತುಂಡಿಗೂ ಮೆತ್ತಗೆ ತಟ್ಟುವುದು, ತೂಕ ಬಿದ್ದ ಜಾಗಕ್ಕೆ ಒತ್ತುವುದು. ಟೀಚರಮ್ಮ ಹೇಳಿದವಳ ತುಟಿ ನೋಡಿಕೊಂಡು, ಒತ್ತು ಗಮನಿಸಿ ಸರಿ ತಪ್ಪು ಹೇಳುವುದು. ಮೊದಲು ಹುಡುಗಿಯರು ತಮ್ಮ ಸರದಿ ಬರುವವರೆಗೆ ಫೋನು ನೋಡುತ್ತಿದ್ದರು. ಈಗ ಮಣಿಕಟ್ಟು ಹಿಡಿದವಳು ಕಿವಿ ಕೊಟ್ಟು ಕೇಳಲೇಬೇಕು, ತಪ್ಪಾಗಿ ಒತ್ತಿದರೆ ಇಬ್ಬರಿಗೂ ಬೈಗುಳ. ಬೈಗುಳ ಮಾತ್ರ ಕಿವಿ ಹೋದ ಮೇಲೆ ಜೋರಾಗಿತ್ತು, ತಮ್ಮ ದನಿ ತಮಗೇ ಕೇಳಿಸದಿದ್ದರಿಂದ ಬೀದಿಯ ಕೊನೆಯವರೆಗೂ ಹೋಗುತ್ತಿತ್ತು.

ರೇಖಾಳ ಚಟ ಬಿಡಿಸುವುದಕ್ಕೆ ಬಹಳ ದಿನ ಹಿಡಿಯಿತು. "ಎಲ್ಲಾರ ಎಲೆಗೂ ತುಪ್ಪ ಹಾಕ್ತೀಯಲ್ಲೇ, ನಿಮ್ಮಪ್ಪನ ಮನೆ ಡೇರಿನಾ?" ಎಂದು ಕೂಗಿದ್ದು ನನಗಿನ್ನೂ ನೆನಪಿದೆ. ಅವಳೂ ಬಿಡುತ್ತಿರಲಿಲ್ಲ, "ಪಾಸಾಗೋವರ್ಗೂ ಹಾಕ್ತೀನಿ ಮೇಡಂ," ಎನ್ನುವಳು.

ಎರಡನೆಯ ಸಲ ಪರೀಕ್ಷೆಗೆ ಹೋದಳು. ಅವತ್ತು ಟೀಚರಮ್ಮ ಬೆಳಿಗ್ಗೆಯಿಂದ ಪಡಸಾಲೆಗೂ ಬಾಗಿಲಿಗೂ ತಿರುಗುತ್ತಿದ್ದರು. ಊಟ ಮಾಡಿದ ಹಾಗೆ ಕಾಣಲಿಲ್ಲ. ನಾನು ಒಲೆಯ ಮೇಲೆ ಹಾಲಿಟ್ಟು, ಒಂದು ನಿಮಿಷ ಮಾತಾಡಿಸಿ ಬರೋಣ ಎಂದು ಹೋದೆ. ಅಷ್ಟರಲ್ಲಿ ಅವರ ಫೋನಿಗೆ ಏನೋ ಬಂತು. ನೋಡಿ, ಫೋನನ್ನು ನನ್ನ ಮುಂದೆ ಚಾಚಿದರು.

"ರೇಖಾದು. ಬರೆದಿಲ್ಲ, ಮಾತಾಡಿ ಕಳ್ಸಿದ್ದಾಳೆ ಕತ್ತೆ. ನಂಗೆ ಕೇಳಲ್ಲ ಅಂತ ಗೊತ್ತಿದ್ದೂ. ನೀವು ಕೇಳಿ, ಹೇಳಿ."

ಒತ್ತಿ ಕಿವಿಗಿಟ್ಟುಕೊಂಡೆ. ಬಸ್ಸಿನ ಹಾರ್ನಿನ ನಡುವೆ ಅವಳ ದನಿ. "ಕನ್ನಡದಲ್ಲಿಲ್ಲ ಕಣ್ರೀ. ನಿಮ್ಮ ಭಾಷೇಲಿದೆ."

"ಬೇಕು ಅಂತ್ಲೇ ಮಾಡಿದ್ದಾಳೆ. ಕೇಳಿದಂಗೇ ಹೇಳಿ. ತುಂಡು ತುಂಡಾಗಿ." ನನ್ನ ಎದುರಿಗೆ ಕುರ್ಚಿ ಎಳೆದುಕೊಂಡು ಕೂತು, ಮಣಿಕಟ್ಟನ್ನು ನನ್ನ ಕೈಗೆ ಕೊಟ್ಟರು. ಕೈ ತಣ್ಣಗಿತ್ತು.

ಮತ್ತೆ ಒತ್ತಿ ಕೇಳಿದೆ. ಕೇಳಿದ್ದನ್ನು ನನ್ನ ಬಾಯಿಗೆ ಬಂದ ಹಾಗೆ ಹೇಳಿದೆ. ಒ. ಸು. ಪೆ. ರಾ. ತೊ. ಆ "ರಾ" ಬಂದಲ್ಲಿ ಅವಳು ಊರಿದ್ದಳು, ನಾನೂ ಅಲ್ಲೇ ಒತ್ತಿದೆ. ಟೀಚರಮ್ಮನ ಕಣ್ಣು ನನ್ನ ತುಟಿಯಲ್ಲೇ ನೆಟ್ಟಿತ್ತು. "ಮುಂದೆ," ಎಂದರು. ಲೆ. ಜ. ಮೆ. ಇಲ್ಲಿ ಕೊನೆಯಲ್ಲಿ ಒತ್ತಿದೆ.

"ತಪ್ಪು," ಎಂದರು. "ಅಲ್ಲಿ ಬೀಳಲ್ಲ ತೂಕ. ತಪ್ಪಿದ್ದು ಅವಳಾ, ನೀವಾ?"

"ನಂಗೇನ್ರೀ ಗೊತ್ತು? ಮೊದಲು ಏನಂದಿದ್ದಾಳೆ ಅಂತ ಹೇಳಿ. ಪಾಸೋ ಫೇಲೋ?"

"ಪಾಸು."

"ಅದನ್ನ ಮೊದಲೇ ಹೇಳಬಾರದಾ?"

"ನನಗೆ ಹೇಳಿದ್ದೇ ನೀವು, ನನ್ನೇ ಕೇಳ್ತೀರಲ್ಲ," ಎಂದರು. ಕಣ್ಣಲ್ಲಿ ನೀರು ತುಂಬಿತ್ತು, ಒರೆಸಿಕೊಳ್ಳಲು ಇನ್ನೊಂದು ಕೈ ಖಾಲಿಯಿತ್ತು, ಒರೆಸಿಕೊಳ್ಳಲಿಲ್ಲ. ಮಣಿಕಟ್ಟನ್ನು ನನ್ನ ಕೈಯಿಂದ ಬಿಡಿಸಿಕೊಳ್ಳಲೂ ಇಲ್ಲ. "ಇನ್ನೊಂದ್ಸಲ ಕೇಳಿ ಸರಿಯಾಗಿ ಹೇಳಿ. ಲೆ. ಜಾ. ಮೆ."

"ಒಲೆ ಮೇಲೆ ಹಾಲಿದೆ ಕಣ್ರೀ," ಎಂದೆ.

ನನ್ನ ತುಟಿ ನೋಡಿ ಅದೂ ಅವರಿಗೆ ತಿಳಿಯಿತು. "ಇರ್ಲಿ. ಲೆ. ಜಾ. ಮೆ."

ತೂಕ ಸರಿಯಾದ ಜಾಗಕ್ಕೆ ಬೀಳುವವರೆಗೂ ನನ್ನನ್ನು ಏಳಗೊಡಲಿಲ್ಲ. ಮನೆಗೆ ಬಂದು ನೋಡಿದರೆ ಹಾಲು ಸೀದು ಪಾತ್ರೆ ಕಪ್ಪಾಗಿತ್ತು.